ಕಲಿಯುವವರ ಕೈಗೇ ಒಳ್ಳೆ ಮ್ಯಾಂಡೊಲಿನ್ ಬೇಕು

ನನ್ನ ಮೊದಲ ಮ್ಯಾಂಡೊಲಿನ್ ಆರು ತಿಂಗಳು ಅಟ್ಟದ ಮೇಲಿತ್ತು. ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದೆ. ಹನ್ನೆರಡನೇ ಮನೆಯ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ, ಅಂದರೆ ಫ್ರೆಟ್) ಹತ್ತಿರ ತಂತಿ ನಾಲ್ಕು ಮಿಲಿಮೀಟರ್ ಎತ್ತರ. ಬಲವಾಗಿ ಒತ್ತಿದರೆ ಬೆರಳಲ್ಲಿ ಗೆರೆ ಬೀಳುತ್ತಿತ್ತು, ಸ್ವರ ಮಾತ್ರ ನಿಲ್ಲುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಇದು ನನಗೆ ಒಗ್ಗಲ್ಲ ಅಂದುಕೊಂಡು ಬಿಟ್ಟುಬಿಟ್ಟೆ.

ಹೋದ ವರ್ಷ ಅಮೆರಿಕದಿಂದ ಬಂದ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಮ್ಯಾಂಡೊಲಿನ್ ಒಂದನ್ನು ತಂದುಕೊಟ್ಟ. ನಾನೇ ಹೇಳಿ ತರಿಸಿದ್ದು, ದುಡ್ಡೂ ಜಾಸ್ತಿಯೇ ಆಯಿತು. "ಲಗೇಜಿಗೆ ಹಾಕ್ಲಿಲ್ಲ ಮಾಮ, ಕೈಯಲ್ಲೇ ಹಿಡ್ಕೊಂಡ್ ಬಂದೆ" ಎಂದ. ಮೇಲ್ಭಾಗ ಸ್ಪ್ರೂಸ್ ಮರ, ಹಿಂಭಾಗ ಮೇಪಲ್. ಪಿಟೀಲಿನ ಹಾಗೆ ಮರವನ್ನೇ ಕೆತ್ತಿ ಉಬ್ಬಿಸಿದ್ದಾರೆ, ಎರಡು ಎಫ್ ಆಕಾರದ ರಂಧ್ರಗಳಿವೆ. 1922ರಲ್ಲಿ ವಾದ್ಯ ತಯಾರಿಸುವ ಗಿಬ್ಸನ್ ಕಂಪನಿಯ ವಿನ್ಯಾಸಕಾರ ಲಾಯ್ಡ್ ಲೋರ್ ಕಾಲದಲ್ಲಿ ಬಂದ ಎಫ್-5 ಮಾದರಿಯಿಂದ ಹೆಸರಾದ ರೂಪ ಇದು.

ಮೊದಲ ಸಂಜೆ ಶ್ರುತಿ ಮಾಡುವುದರಲ್ಲೇ ಕಳೆಯಿತು. ಎಂಟು ತಂತಿ, ನಾಲ್ಕು ಜೋಡಿ: ಪಿಟೀಲಿನದ್ದೇ ಜಿ, ಡಿ, ಎ, ಇ. ಜೋಡಿ ತಂತಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ನಾದ ವಂ ವಂ ಎಂದು ಅಲೆಯುತ್ತದೆ. ಬಿರಡೆ ಮೆಲ್ಲಗೆ ತಿರುಗಿಸಿದಂತೆ ಅಲೆ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಅಷ್ಟು ಹೊತ್ತಿಗೆ ಎದೆಗೆ ಒರಗಿದ್ದ ಮರ ಸಣ್ಣಗೆ ನಡುಗಿತು. ಹಳೆಯದರಲ್ಲಿ ನನಗೆ ಇದು ಒಮ್ಮೆಯೂ ಗೊತ್ತಾಗಿರಲಿಲ್ಲ.

ಜಿ ತಂತಿಯ ಏಳನೇ ಮನೆ ಒತ್ತಿ ಮೀಟಿ, ಕೈಯಿಂದ ಆ ತಂತಿ ಮುಚ್ಚಿಬಿಡಿ. ಮುಟ್ಟದ ಡಿ ತಂತಿ ತಾನಾಗಿ ಹಾಡುತ್ತಿರುತ್ತದೆ! ಎರಡೂ ಒಂದೇ ಸ್ವರ ಅಲ್ವಾ. ಬೆರಳು ಸರಿಯಾದ ಕಡೆ ಬಿದ್ದಿದೆ ಅಂತ ವಾದ್ಯವೇ ಹೇಳಿದ ಹಾಗೆ.

ಜಿ ತಂತಿಯನ್ನೇ ಷಡ್ಜ ಮಾಡಿಕೊಂಡು ಮೋಹನ ರಾಗ ಹಿಡಿದೆ. ಸ ತೆರೆದ ತಂತಿ, ರಿ ಎರಡನೇ ಮನೆ, ಗ ನಾಲ್ಕನೇದು. ಪ ಪಕ್ಕದ ತೆರೆದ ತಂತಿ, ದ ಅದರ ಎರಡನೇ ಮನೆ, ಮೇಲಿನ ಸ ಐದನೇದು. ವಾರದೊಳಗೆ ಆರೋಹಣ ಕೈಗೆ ಬಂತು. ಸ್ವರವನ್ನು ಎಳೆದು ಅಲುಗಿಸುವ ಗಮಕ ಇನ್ನೂ ದೂರ. ಜೋಡಿ ತಂತಿ ಎಳೆಯುವುದು ಕಷ್ಟ, ಅದಕ್ಕೇ ಕರ್ನಾಟಕ ಸಂಗೀತದ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಒಂಟಿ ತಂತಿ ಬಳಸುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಈ ಹುಚ್ಚು ಹತ್ತಿಸಿದ್ದೂ ರೇಡಿಯೋದಲ್ಲಿ ಕೇಳಿದ ಅವರ ನಾದವೇ.

ಒಂದು ತಪ್ಪು ಮಾಡಿದೆ. ಹೊಸ ತಂತಿ ಹಾಕಲು ಎಂಟನ್ನೂ ಒಟ್ಟಿಗೆ ಬಿಚ್ಚಿದೆ, ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು, ಅಂದರೆ ಕುದುರೆ, ಜಾರಿ ಬಿತ್ತು. ಅದಕ್ಕೆ ಅಂಟು ಇಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ತೆರೆದ ತಂತಿಗೂ ಹನ್ನೆರಡನೇ ಮನೆಗೂ ಸರಿಯಾಗಿ ಒಂದು ಸ್ಥಾಯಿ ಅಂತರ ಬರುವ ತನಕ, ಟ್ಯೂನರ್ ನೋಡುತ್ತಾ ಅದನ್ನು ಹಿಂದೆ ಮುಂದೆ ಸರಿಸಬೇಕಾಯಿತು. ಈಗ ಒಂದೊಂದೇ ತಂತಿ ಬದಲಿಸುತ್ತೇನೆ.

ಮಳೆಗಾಲದಲ್ಲಿ ಮಾತ್ರ ಪೆಟ್ಟಿಗೆಗೆ ಸೇರಿಸುತ್ತೇನೆ, ಉಳಿದಂತೆ ಅದು ಕುರ್ಚಿಯ ಪಕ್ಕದಲ್ಲೇ ಇರುತ್ತದೆ. ಬೆಳಿಗ್ಗೆ ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಮೋಹನ ನಾಲ್ಕು ಸಲ ಹತ್ತಿ ಇಳಿದಿರುತ್ತದೆ.