ಅಂಗಳದ ಹೊಂಡಕ್ಕೆ ಕಡಿಮೆ ರೊಕ್ಕದ ಗಿಡಗಳು

ಹೊಂಡ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ. ನೀರು ಹಿಡಿಯುವುದು ಸುಮಾರು 3,400 ಲೀಟರ್. ಕಲಬುರಗಿಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದಕ್ಕೇ ಸಿಮೆಂಟ್ ತೊಟ್ಟಿಯ ಗೋಜಿಗೆ ಹೋಗದೆ, ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆಯನ್ನೇ ಹಾಸಿದ್ದೇನೆ. ಇಷ್ಟು ಜಾಗಕ್ಕೆ ಇಪ್ಪತ್ತು ಕುಂಡ ಬೇಕು ಅನ್ನುತ್ತಾರೆ ಮಾರುವವರು. ಐದಾರು ಸಾಕು. ನೀರಿನ ಗಿಡಗಳಲ್ಲಿ ಬಹುಪಾಲು ಒಂದು ತಂದರೆ ಮೂರು ತಿಂಗಳಲ್ಲಿ ಹತ್ತಾಗುವಂಥವು. ರೊಕ್ಕ ಬಿಚ್ಚಬೇಕಾದ್ದು ನೈದಿಲೆಗೆ ಮಾತ್ರ, ಅದೂ ಎರಡು ಗಡ್ಡೆಗೆ.

ಯಾವಾಗ ತರುತ್ತೀರಿ ಅನ್ನುವುದರ ಮೇಲೆ ಅರ್ಧ ಖರ್ಚು ನಿಂತಿದೆ. ಶಿವರಾತ್ರಿಯಿಂದ ಯುಗಾದಿಯೊಳಗೆ ಒಂದು ಅವಕಾಶ, ಮಿರಗದ ಮಳೆ ಬಿದ್ದ ಮೇಲೆ ಇನ್ನೊಂದು. ಏಪ್ರಿಲ್–ಮೇನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಗಡ್ಡೆ ಎರಡು ದಿನ ಗಾಡಿಯೊಳಗೆ ಬೆಂದು, ಮುಟ್ಟಿದರೆ ಪಿಚ್ಚೆನ್ನುವ ಸ್ಥಿತಿಯಲ್ಲಿ ಬರುತ್ತದೆ. ಡಿಸೆಂಬರ್‌ನಲ್ಲಿ ತಂದರೆ ಸಾಯುವುದಿಲ್ಲ, ಆದರೆ ಚಳಿಗೆ ಸುಮ್ಮನೆ ಕೂರುತ್ತದೆ. ಕೊಳೆಯುವ ಅಪಾಯವೂ ಇದೆ.

ನೈದಿಲೆಯಲ್ಲಿ ನನ್ನ ಆಯ್ಕೆ ಡಾಬೆನ್ ಎಂಬ ತಿಳಿನೀಲಿ ಜಾತಿ. ಇದರ ಎಲೆಯನ್ನು ಹತ್ತಿರದಿಂದ ನೋಡಿ: ತೊಟ್ಟು ಎಲೆಗೆ ಕೂಡುವ ಹೊಕ್ಕುಳಲ್ಲಿ ಮೊದಲು ಒಂದು ಹಸಿರು ಗಂಟು, ಆಮೇಲೆ ಉಗುರಿನಷ್ಟು ಎಲೆಗಳು, ಕೆಳಗೆ ಬಿಳಿ ಬೇರು. ಎಲೆ ಹಳದಿಯಾಗುವ ಹೊತ್ತಿಗೆ ಆ ಮರಿಯನ್ನು ಬಿಡಿಸಿ ಕೆಸರಿಗೆ ಒತ್ತಿದರೆ ಹೊಸ ಗಿಡ. ಅಂದರೆ ಒಂದು ಗಡ್ಡೆಯ ಬೆಲೆಗೆ ವರ್ಷದಲ್ಲಿ ಹೊಂಡ ತುಂಬುತ್ತದೆ. ಎಲ್ಲ ಜಾತಿಗೂ ಈ ಗುಣ ಇಲ್ಲ, ಕೇಳಿ ತನ್ನಿ. ಕುಂಡ ಸಮೇತ ಕೊಳ್ಳಬೇಡಿ, ಬರಿ ಬೇರಿನ ಗಡ್ಡೆ ಕೇಳಿ. ಕುಂಡ, ಮಣ್ಣಿನ ಭಾರಕ್ಕೆ ದುಡ್ಡು ಕೊಟ್ಟು ಏನು ಮಾಡುವುದು? ಗಡ್ಡೆ ಒತ್ತಿದರೆ ಗಟ್ಟಿ ಇರಬೇಕು, ಮೂಸಿದರೆ ಕೊಳೆತ ವಾಸನೆ ಇರಬಾರದು.

ತಾವರೆಗೆ ಇನ್ನೂ ಅಗ್ಗದ ದಾರಿ ಗಂಧಿಗೆ ಅಂಗಡಿ. ಕಮಲಗಟ್ಟಾ ಎಂದು ಕೇಳಿದರೆ ಕೊಡುವ ಕಪ್ಪು ಬೀಜ ತಾವರೆಯದೇ. ನೂರು ಗ್ರಾಂನಲ್ಲಿ ನೂರರ ಆಸುಪಾಸು ಬೀಜ ಇರುತ್ತವೆ. ಹೊಂಡಕ್ಕೆ ಎರಡು ಮೊಳೆತರೆ ಸಾಕು. ಜಪಮಾಲೆಗೆ ತೂತು ಕೊರೆದ ಬೀಜ ಬೇಡ. ಬೀಜದ ಒಂದು ತುದಿಯಲ್ಲಿ ಸಣ್ಣ ಮೊನೆ, ಇನ್ನೊಂದರಲ್ಲಿ ಕುಳಿ ಇರುತ್ತದೆ. ಕುಳಿಯ ಕಡೆಯನ್ನು ಒರಟು ಫರ್ಸಿ ಕಲ್ಲಿಗೋ ಉಜ್ಜುಕಾಗದಕ್ಕೋ ಕರಿ ಸಿಪ್ಪೆ ಸವೆದು ಒಳಗಿನ ಕೆನೆಬಣ್ಣ ಕಾಣುವವರೆಗೆ ತಿಕ್ಕಿ, ಅಲ್ಲಿಗೇ ನಿಲ್ಲಿಸಿ. ತಿಕ್ಕದೆ ಹಾಕಿದರೆ ನೀರು ಒಳಗೆ ಹೋಗುವುದಿಲ್ಲ, ತಿಂಗಳಾದರೂ ಕಲ್ಲಿನಂತೆ ಬಿದ್ದಿರುತ್ತದೆ. ಹೆಚ್ಚು ತಿಕ್ಕಿದರೆ ತಿರುಳು ಕೊಳೆಯುತ್ತದೆ. ಗಾಜಿನ ಲೋಟದಲ್ಲಿ ಉಗುರುಬೆಚ್ಚಗಿನ ನೀರು, ದಿನಕ್ಕೊಮ್ಮೆ ಬದಲು. ಮರುದಿನಕ್ಕೆ ಉಬ್ಬುತ್ತದೆ, ವಾರದೊಳಗೆ ಹಸಿರು ಮೊಳಕೆ ಮಡಿಚಿದ ಹಗ್ಗದಂತೆ ಹೊರಬರುತ್ತದೆ. ಎರಡು ದಿನವಾದರೂ ತೇಲುತ್ತಿರುವುದನ್ನು ತೆಗೆದುಹಾಕಿ, ಇಲ್ಲದಿದ್ದರೆ ಲೋಟವೆಲ್ಲ ನಾರುತ್ತದೆ. ಬೇರು ಬಿಟ್ಟ ಮೇಲೆ ಕೆಸರಿಗೆ. ಹೂವು ಸಾಮಾನ್ಯವಾಗಿ ಮರುವರ್ಷ. ಈ ವರ್ಷವೇ ಬೇಕೆಂದರೆ ಗಡ್ಡೆ ಕೊಳ್ಳಬೇಕು. ದೀಪಾವಳಿಗೆ ಕಮಲದ ಹೂ ಮಾರುವವರಿಗೆ ಮುಂಚೆಯೇ ಹೇಳಿಟ್ಟರೆ, ಕೆರೆಯಿಂದ ತರುವಾಗ ತುದಿ ಮೊಳಕೆ ಮುರಿಯದ ಗಡ್ಡೆ ಒಂದು ತಂದುಕೊಡುತ್ತಾರೆ.

‘ನೀಲಿ ತಾವರೆ’, ‘ಏಳು ಬಣ್ಣದ ತಾವರೆ’ ಬೀಜ ಎಂದು ಚಿತ್ರ ತೋರಿಸಿ ಮಾರುವುದುಂಟು. ತಾವರೆಯಲ್ಲಿ ನೀಲಿ ಬಣ್ಣವೇ ಇಲ್ಲ. ನೀಲಿ ಇರುವುದು ನೈದಿಲೆಯಲ್ಲಿ. ಅಷ್ಟು ತಿಳಿದಿದ್ದರೆ ಆ ದುಡ್ಡು ಉಳಿಯಿತು.

ದಡಕ್ಕೆ ನರ್ಸರಿಯ ಗಿಡವೇ ಬೇಡ. ತರಕಾರಿ ಮಾರುಕಟ್ಟೆಯ ಅರವಿ ಗಡ್ಡೆಯಲ್ಲಿ ಮೊಳಕೆ ಕಂಡದ್ದನ್ನು ಆರಿಸಿ ಕೆಸರಲ್ಲಿ ಹೂತರೆ ದೊಡ್ಡ ಎಲೆಯ ಕೆಸು. ಸೊಪ್ಪಿನ ಕಟ್ಟಿನಲ್ಲಿ ಬರುವ ಒಂದೆಲಗದ ಬೇರಿರುವ ಬಳ್ಳಿ ಒದ್ದೆ ಜಲ್ಲಿಯಲ್ಲೂ ಹಬ್ಬುತ್ತದೆ. ಅಂಬ್ರೆಲ್ಲಾ ಪಾಮ್ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ: ಕೊಡೆಯನ್ನು ಎರಡು ಇಂಚು ದಂಟಿನೊಂದಿಗೆ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ತಲೆಕೆಳಗಾಗಿ ನೀರಿಗೆ ಬಿಟ್ಟರೆ ಮೂರು ವಾರದೊಳಗೆ ಬೇರು. ಬಜೆ ಮಾತ್ರ ಅಂಗಡಿಯ ಒಣ ಬೇರಿನಿಂದ ಬರುವುದಿಲ್ಲ, ಹಸಿ ಬೇರೇ ಬೇಕು. ಜಂಬು ಹುಲ್ಲು ಪುಕ್ಕಟೆ ಸಿಕ್ಕರೂ ತರಬೇಡಿ. ಅದರ ಮೊನೆ ಹಾಳೆಯನ್ನು ತೂತು ಮಾಡುತ್ತದೆ.

ನೀರೊಳಗಿನ ಗಿಡಕ್ಕೆ ಅಕ್ವೇರಿಯಂ ಅಂಗಡಿಯ ಹಾರ್ನ್‌ವರ್ಟ್ ಒಂದು ಕಟ್ಟು, ವ್ಯಾಲಿಸ್ನೇರಿಯಾ ಒಂದು ಕಟ್ಟು ಸಾಕು. ಬುಡದ ಸೀಸದ ಪಟ್ಟಿ, ರಬ್ಬರ್ ತೆಗೆಯಿರಿ, ಅಲ್ಲಿಂದಲೇ ಕೊಳೆಯುವುದು. ಅಲ್ಲೇ ಲಕ್ಕಿ ಬ್ಯಾಂಬೂ ಕೂಡ ನೀರಲ್ಲಿ ಮುಳುಗಿಸಿಟ್ಟಿರುತ್ತಾರೆ. ಅದು ಪೂರ್ತಿ ಮುಳುಗಿ ಬದುಕುವ ಗಿಡವಲ್ಲ. ಅಂತರಗಂಗೆ ನಾಲ್ಕು ಬಿಟ್ಟರೆ ಸಾಕು, ನೈದಿಲೆ ಎಲೆ ಹರಡುವವರೆಗೆ ನೆರಳು ಕೊಡುತ್ತದೆ. ನೀಲಿ ಹೂವಿನ ವಾಟರ್ ಹಯಾಸಿಂತ್ ಬೇಡವೇ ಬೇಡ. ಹೆಚ್ಚಾದ ಯಾವುದನ್ನೂ ನಾಲೆಗೆ, ಕೆರೆಗೆ ಎಸೆಯದೆ ಒಣಗಿಸಿ ತಿಪ್ಪೆಗೆ ಹಾಕಿ.

ಎಲ್ಲಿಂದ ತಂದರೂ ನೇರ ಹೊಂಡಕ್ಕೆ ಇಳಿಸಬೇಡಿ. ಎಲೆ ಹಿಂದೆ ಅಂಟಿನ ಹನಿಯಂತೆ ಕಾಣುವುದು ಬಸವನ ಹುಳದ ಮೊಟ್ಟೆ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಕಾ (ಸ್ಫಟಿಕ, ಆಲಂ) ಪುಡಿ ಕರಗಿಸಿ ಒಂದು ದಿನ ಇಟ್ಟು, ಚೆನ್ನಾಗಿ ತೊಳೆದು, ಬೇರೆ ಬಕೆಟ್ಟಿನಲ್ಲಿ ಎರಡು ವಾರ ನೋಡಿ. ಹಾರ್ನ್‌ವರ್ಟ್‌ನಂಥ ಮೆತ್ತನೆಯದು ಅಷ್ಟು ತಡೆಯುವುದಿಲ್ಲ. ಅದನ್ನು ನೀರಲ್ಲಿ ಅಲುಗಿಸಿ ಬೆರಳಲ್ಲಿ ತೊಳೆಯಬೇಕು.

ಕುಂಡ ಎಂದರೆ ಪೇಂಟಿನ ಹಳೆ ಬಕೆಟ್, ಚೆನ್ನಾಗಿ ತೊಳೆದದ್ದು. ತಾವರೆಗೆ ತೂತಿಲ್ಲದ, 18 ಇಂಚಾದರೂ ಅಗಲದ ಟಬ್. ಒಳಗೆ ಜರಡಿ ಹಿಡಿದ ಎರೆ ಮಣ್ಣು. ನಮ್ಮ ಹೊಲದ ಈ ಜಿಗುಟು ಮಣ್ಣಿಗಿಂತ ಒಳ್ಳೆಯದು ನರ್ಸರಿಯಲ್ಲೂ ಸಿಗದು. ಕೊಕೊಪೀಟ್ ತೇಲುತ್ತದೆ. ಹಸಿ ಸಗಣಿ ಹಾಕಿದರೆ ಗುಳ್ಳೆ ಎದ್ದು ನೀರು ಕಪ್ಪಾಗುತ್ತದೆ. ವರ್ಷ ಹಳೆಯ ಗೊಬ್ಬರ ತಳಕ್ಕೆ ಎರಡು ಹಿಡಿ, ಮೇಲೆ ಎರಡು ಇಂಚು ಮರಳು. ಗಡ್ಡೆಯ ಬೆಳೆಯುವ ತುದಿ ಹೂಳಬಾರದು. ತೇಲಿದರೆ ಮಧ್ಯಕ್ಕೆ ಒಂದು ಚಪ್ಪಟೆ ಕಲ್ಲು. ಮೊದಲು ನೈದಿಲೆಯ ಕುಂಡದ ಮೇಲೆ ಅರ್ಧ ಅಡಿ ನೀರು ನಿಲ್ಲುವಂತೆ ಶಹಾಬಾದ್ ಫರ್ಸಿಯ ಒಡಕು ತುಂಡುಗಳನ್ನು ಪೇರಿಸಿ ಎತ್ತರ ಕೊಡಿ (ಕೆಳಗೆ ಗೋಣಿ ಇರಲಿ, ಅಂಚು ಹಾಳೆಗೆ ತಾಗಬಾರದು). ಎಲೆ ಮೇಲೆ ಬಂದಂತೆ ಒಂದೊಂದೇ ತುಂಡು ತೆಗೆಯಿರಿ.

ಮೇ ತಿಂಗಳ ಬಿಸಿಲಿಗೆ ದಿನಕ್ಕೆ ಸುಮಾರು ಒಂದು ಸೆಂಟಿಮೀಟರ್ ನೀರು ಆರುತ್ತದೆ, ಈ ಹೊಂಡಕ್ಕೆ ಐವತ್ತು–ಅರವತ್ತು ಲೀಟರ್. ಸಂಜೆ ತುಂಬಿಸಿ. ಬೋರಿನ ಗಡಸು ನೀರಿನಿಂದ ಎಲೆ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಮಳೆಗಾಲದಲ್ಲಿ ಮಾಳಿಗೆ ನೀರು ತಿರುಗಿಸಿಕೊಂಡರೆ ಅದು ಇಳಿಯುತ್ತದೆ. ಸೊಳ್ಳೆಗೆ ಹತ್ತು ಗಪ್ಪಿ ಮೀನು.

ಮೊದಲ ತಿಂಗಳು ನೀರು ಹೆಸರುಕಾಳಿನ ಕಟ್ಟಿನಂತೆ ಹಸಿರಾಗುತ್ತದೆ. ಎಲ್ಲರೂ ಎಡವುವುದು ಇಲ್ಲೇ: ಖಾಲಿ ಮಾಡಿ ಹೊಸ ನೀರು ಬಿಡುತ್ತಾರೆ, ಹಸಿರು ಮತ್ತೆ ಮೊದಲಿಂದ ಶುರುವಾಗುತ್ತದೆ. ಎಲೆಗಳು ಅರ್ಧಕ್ಕಿಂತ ಹೆಚ್ಚು ಮೇಲ್ಮೈ ಮುಚ್ಚುವವರೆಗೆ ಬಿಟ್ಟುಬಿಡಿ, ತಾನೇ ತಿಳಿಯಾಗುತ್ತದೆ.