ಹೆರಿಗೆ ವಾರ್ಡಿಂದ ಲ್ಯಾಬಿಗೆ ಏಳು ನಿಮಿಷ

ಹೆರಿಗೆ ವಾರ್ಡಿಂದ ನಮ್ಮ ಲ್ಯಾಬಿಗೆ ನಡ್ಕೊಂಡು ಹೋದ್ರೆ ಏಳು ನಿಮಿಷ, ಓಡಿದ್ರೆ ಮೂರು. ಇಷ್ಟು ಸರಿಯಾಗಿ ಲೆಕ್ಕ ಇಟ್ಟಿದೀನಿ ಯಾಕಂದ್ರೆ ನನ್ನ ಎಂಡಿ ಥೀಸಿಸ್‌ನ ಮೊದಲ ನಾಲ್ಕು ತಿಂಗಳ ಕೆಲಸ ಹಾಳಾಗಿದ್ದು ಈ ದಾರೀಲೇ. ಹಾಸನದಲ್ಲಿ ಬಯೋಕೆಮಿಸ್ಟ್ರಿ ಪಿಜಿ ಮಾಡ್ತಿದ್ದೆ, ವಿಷಯ ಬಸುರಿಯಲ್ಲಿ ಬಿಪಿ ಜಾಸ್ತಿ ಆದ ಹೆಣ್ಮಕ್ಕಳ ರಕ್ತದಲ್ಲಿ, ಮತ್ತೆ ಅವರ ಕೂಸುಗಳ ಹೊಕ್ಕುಳಬಳ್ಳಿ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಷ್ಟಿದೆ ಅಂತ ನೋಡೋದು, ಅಂದ್ರೆ ಆಕ್ಸಿಜನ್‌ನಿಂದ ಹುಟ್ಟೋ ಚುರುಕು ಅಣುಗಳು ಮೈಯನ್ನ ಎಷ್ಟು ಕೆಡಿಸಿವೆ ಅಂತ. ಈಗ ಜೂನಿಯರ್ಸ್ ಇದೇ ಥರದ ಟಾಪಿಕ್ ತಗೊಂಡು ಬಂದು ಯಾವ ಕಿಟ್ ತರಿಸೋದು ಮೇಡಂ ಅಂತ ಕೇಳ್ತಾರೆ. ಕಿಟ್ ಆಮೇಲಿನ ಮಾತು, ರಕ್ತ ತೆಗೆದ ಮೇಲೆ ಆ ಟ್ಯೂಬ್ ಎಲ್ಲಿ ಎಷ್ಟು ಹೊತ್ತು ಕೂತಿರುತ್ತೆ ಅದನ್ನ ಮೊದಲು ಹೇಳಿ ಅಂತೀನಿ ನಾನು.

ಬಸುರಿಯಲ್ಲಿ ಬರೋ ಈ ಬಿಪಿ ಕಾಯಿಲೆ ಹೆಸರು ಪ್ರಿ-ಎಕ್ಲಾಂಪ್ಸಿಯಾ, ಅಂದ್ರೆ 20 ವಾರ ಕಳೆದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಹೋಗೋದು, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಲಿವರ್, ಕಿಡ್ನಿ, ಪ್ಲೇಟ್ಲೆಟ್ ಯಾವುದರಲ್ಲಾದ್ರೂ ತೊಂದರೆ. ಶುರುವಾಗೋದು ಮಾಸಿನಲ್ಲಿ, ಅಂದ್ರೆ ಪ್ಲಾಸೆಂಟಾದಲ್ಲಿ. ಮಾಸು ಬೇರೂರುವಾಗ ಗರ್ಭಕೋಶದ ಸುರುಳಿ ರಕ್ತನಾಳಗಳು ಅಗಲ ಆಗ್ಬೇಕು, ಅದು ಸರಿಯಾಗಿ ಆಗದೇ ಹೋದ್ರೆ ರಕ್ತ ಒಂದೇ ಸಮನೆ ಹರಿಯಲ್ಲ, ಬಿಟ್ಟು ಬಿಟ್ಟು ನುಗ್ಗುತ್ತೆ, ಆಗ ಮಾಸಿನಲ್ಲಿ ಸೂಪರ್‌ಆಕ್ಸೈಡ್ ಥರದ ಫ್ರೀ ರಾಡಿಕಲ್‌ಗಳು, ಅಂದ್ರೆ ಆ ಚುರುಕು ಅಣುಗಳು, ಜಾಸ್ತಿ ಹುಟ್ಕೊಳ್ತವೆ. ರಕ್ತನಾಳ ಸಡಿಲ ಇರೋಕೆ ಬೇಕಾದ ನೈಟ್ರಿಕ್ ಆಕ್ಸೈಡನ್ನ ಈ ಸೂಪರ್‌ಆಕ್ಸೈಡ್ ನುಂಗಿಹಾಕಿಬಿಡುತ್ತೆ, ಮಾಸಿನಿಂದ ಎಸ್‌ಫ್ಲಿಟ್-1 ಅನ್ನೋ ಪ್ರೋಟೀನ್ ಬೇರೆ ತಾಯಿ ರಕ್ತಕ್ಕೆ ಸೇರ್ಕೊಳುತ್ತೆ, ಒಟ್ನಲ್ಲಿ ಮೈಯ ರಕ್ತನಾಳಗಳೆಲ್ಲ ಬಿಗಿಯಾಗ್ತವೆ.

ಇದನ್ನ ಕನ್ಸೆಂಟ್ ಫಾರ್ಮ್ ಹಿಡ್ಕೊಂಡು ಬೇಲೂರು, ಆಲೂರು, ಸಕಲೇಶಪುರ ಕಡೆಯಿಂದ ಬಂದೋರಿಗೆ ಹೇಳೋದು ಹೇಗೆ? ನಾನು ಮೊದಮೊದಲು "ಕಬ್ಬಿಣ ತುಕ್ಕು ಹಿಡಿಯುತ್ತಲ್ಲ ಹಂಗೆ ರಕ್ತದಲ್ಲೂ ಆಗುತ್ತೆ" ಅಂತಿದ್ದೆ. ಒಂದಿನ ಒಬ್ಬರು ಅಜ್ಜಿ ಸೊಸೆ ಪಕ್ಕ ಕೂತಿದ್ದೋರು ನನ್ನ ಮಾತು ಕೇಳಿ, "ಅದ್ಕೇ ಕಣವ್ವ, ಆ ಕಬ್ಬಿಣದ ಮಾತ್ರೆ ನುಂಗಬೇಡ ಅಂದೆ ನಾನು, ಡಾಕ್ಟ್ರಮ್ಮನೂ ಅದ್ನೇ ಹೇಳ್ತಾವ್ರೆ" ಅಂದುಬಿಟ್ರು. ನನಗೆ ಎದೆ ಧಸಕ್ ಅಂತು. ಆ ಹೆಣ್ಮಗಳಿಗೆ ಹಿಮೋಗ್ಲೋಬಿನ್ 8ರ ಹತ್ರ ಇತ್ತು. ಅಲ್ಲೇ ಕೂತು ಅರ್ಧ ಗಂಟೆ ಸಮಾಧಾನವಾಗಿ, ಮಾತ್ರೆ ಬಿಡಲೇಬಾರದು ಅಜ್ಜಿ, ನಾನು ಹೇಳಿದ್ದು ಬೇರೆ ಅಂತ ಬಿಡಿಸಿ ಹೇಳಿದೆ. ಅವತ್ತಿಂದ ತುಕ್ಕಿನ ಮಾತೇ ಎತ್ತಲಿಲ್ಲ. ಹುಚ್ಚೆಳ್ಳೆಣ್ಣೆ ಜಾಸ್ತಿ ದಿನ ಇಟ್ರೆ ಕಮಟು ಹಿಡಿಯುತ್ತಲ್ಲ, ನಮ್ಮ ಮೈಯೊಳಗಿನ ಜಿಡ್ಡೂ ಸ್ವಲ್ಪ ಹಂಗೇ ಆಗುತ್ತೆ, ಅದನ್ನ ಅಳೀತೀವಿ ಅಂತ ಹೇಳ್ತಾ ಬಂದೆ, ಎಲ್ಲರಿಗೂ ತಕ್ಷಣ ಅರ್ಥ ಆಗ್ತಿತ್ತು. ಅದು ಬರೀ ಹೋಲಿಕೆ ಅಲ್ಲ, ನಿಜವಾಗ್ಲೂ ಅದೇ ಕೆಮಿಸ್ಟ್ರಿ. ನಾನು ಬಳಸಿದ ಥಯೋಬಾರ್ಬಿಟ್ಯೂರಿಕ್ ಆಸಿಡ್ ಟೆಸ್ಟನ್ನ ಹಾಲು, ಮಾಂಸ ಕಮಟು ಹಿಡಿದಿದೆಯಾ ನೋಡೋಕೂ ಬಳಸ್ತಾ ಬಂದಿದಾರೆ.

ಟೆಸ್ಟ್ ಸುಲಭ. ಕೊಬ್ಬಿನಂಶ ಆಕ್ಸಿಡೈಸ್ ಆದಾಗ ಮ್ಯಾಲೊಂಡೈಆಲ್ಡಿಹೈಡ್ ಅಂದ್ರೆ ಎಂಡಿಎ ಬರುತ್ತೆ, ಪ್ಲಾಸ್ಮಾಗೆ, ಅಂದ್ರೆ ಕಣಗಳನ್ನ ತೆಗೆದ ರಕ್ತದ ತಿಳಿ ಭಾಗಕ್ಕೆ, ಆ ಆಸಿಡ್ ಹಾಕಿ ಕುದಿಯೋ ನೀರಲ್ಲಿಟ್ರೆ ಗುಲಾಬಿ ಬಣ್ಣ ತಿರುಗುತ್ತೆ, ಅದನ್ನ 532 ನ್ಯಾನೋಮೀಟರ್‌ನಲ್ಲಿ ಓದೋದು. ಹಾಸನ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಹತ್ತತ್ರ ಎತ್ತರದಲ್ಲಿರೋದ್ರಿಂದ ಇಲ್ಲಿ ನೀರು 100 ಡಿಗ್ರಿಗೆ ಹೋಗಲ್ಲ, 97ರ ಆಸುಪಾಸಲ್ಲೇ ಕುದಿಯುತ್ತೆ, ಹಂಗಾಗಿ ಪ್ರತಿ ಸಲ ಸ್ಟ್ಯಾಂಡರ್ಡನ್ನೂ (ಎಂಡಿಎ ಎಷ್ಟಿದೆ ಅಂತ ಮೊದಲೇ ಗೊತ್ತಿರೋ ದ್ರಾವಣ) ಸ್ಯಾಂಪಲ್ಲನ್ನೂ ಒಂದೇ ಬಾತ್‌ನಲ್ಲಿ ಒಟ್ಟಿಗೆ ಇಡಲೇಬೇಕು, ಬೇರೆ ದಿನದ ಸ್ಟ್ಯಾಂಡರ್ಡ್ ಕರ್ವ್ ಹಾಕ್ಕೊಳ್ಳೋದು ಬೇಡವೇ ಬೇಡ.

ಕಷ್ಟ ಇರೋದು ಈ ಟೆಸ್ಟ್ ಎಂಡಿಎ ಒಂದಕ್ಕೇ ಬಣ್ಣ ಕೊಡಲ್ಲ ಅನ್ನೋದ್ರಲ್ಲಿ. ಸಕ್ಕರೆ ಅಂಶ, ಬಿಲಿರುಬಿನ್ ಎಲ್ಲ ಅಡ್ಡ ಬರ್ತವೆ, ಎಲ್ಲಕ್ಕಿಂತ ಜಾಸ್ತಿ ಕೆಡಿಸೋದು ಕೆಂಪು ರಕ್ತಕಣ ಒಡೆದು ಹೊರಗೆ ಬಂದ ಹಿಮೋಗ್ಲೋಬಿನ್. ಅದರ ಬಣ್ಣಾನೂ ಆ 532ರ ಅಕ್ಕಪಕ್ಕದಲ್ಲೇ ಓದುತ್ತೆ, ಅದರಲ್ಲಿರೋ ಕಬ್ಬಿಣ ಟ್ಯೂಬ್ ಒಳಗೇ ಕೊಬ್ಬನ್ನ ಕೆಡಿಸ್ತಾ ಹೋಗುತ್ತೆ. ಅಂದ್ರೆ ತಾಯಿ ಮೈಯಲ್ಲಿ ಇಲ್ಲದ ಸ್ಟ್ರೆಸ್ ನಮ್ಮ ಟ್ರೇ ಮೇಲೆ ಹುಟ್ಕೊಳುತ್ತೆ.

ಮೊದಲ ನಾಲ್ಕು ತಿಂಗಳ ರಿಸಲ್ಟ್ ನೋಡಿ ನಾನು ಕುಣಿದಾಡಿದ್ದೆ. ಪ್ರಿ-ಎಕ್ಲಾಂಪ್ಸಿಯಾ ಗುಂಪಲ್ಲಿ ಎಂಡಿಎ ಎಲ್ಲೋ ಮೇಲೆ, ನಾರ್ಮಲ್ ಗುಂಪಲ್ಲಿ ಕೆಳಗೆ, ಅಷ್ಟು ಚೆಂದದ ಗ್ರಾಫ್. ನಮ್ಮ ಗೈಡ್ ಅದನ್ನ ಸುಮ್ನೆ ಸ್ವಲ್ಪ ಹೊತ್ತು ನೋಡಿ, ಪ್ರತಿ ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದಿದ್ದು, ಎಷ್ಟು ಗಂಟೆಗೆ ಸೆಂಟ್ರಿಫ್ಯೂಜ್ ಮಾಡಿದ್ದು (ಗಿರ್ರನೆ ತಿರುಗಿಸಿ ಕಣ ಬೇರೆ ಮಾಡಿದ್ದು) ಪಕ್ಕದಲ್ಲಿ ಬರಿ ಅಂದ್ರು. ಬರೆದು ನೋಡಿದ್ರೆ ನಾರ್ಮಲ್ ಗುಂಪಿನೋರಲ್ಲಿ ಮುಕ್ಕಾಲು ಪಾಲು ಹಗಲು ಹೊತ್ತಲ್ಲಿ ಮೊದಲೇ ಡೇಟ್ ಕೊಟ್ಟ ಸಿಸೇರಿಯನ್‌ಗಳು, ರಕ್ತ ತೆಗೆದ ಕೂಡಲೇ ಲ್ಯಾಬಿಗೆ ಬಂದಿದೆ. ಬಿಪಿ ಇದ್ದೋರು ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್‌ನಲ್ಲಿ ಬಂದೋರು, ಕೈಯೆಲ್ಲ ಊದಿಕೊಂಡು ನರ ಸಿಗಲ್ಲ, ಸಣ್ಣ ಸೂಜಿ ಹಾಕಿ ಜೋರಾಗಿ ಎಳೆದು ಹೆಂಗೋ ಎರಡು ಎಂಎಲ್ ತೆಗೆದಿರ್ತಾರೆ, ಪಾಪ ಸಿಸ್ಟರ್‌ಗೆ ಅಷ್ಟೊತ್ತಲ್ಲಿ ಫಿಟ್ಸ್ ಬರದ ಹಾಗೆ ಮ್ಯಾಗ್ನೀಷಿಯಂ ಸಲ್ಫೇಟ್ ಹಾಕೋದು ಮುಖ್ಯಾನೋ ನನ್ನ ಟ್ಯೂಬ್ ಮುಖ್ಯಾನೋ, ಟ್ಯೂಬ್ ಬೆಳಿಗ್ಗೆ ತನಕ ಟ್ರೇಯಲ್ಲೇ ಕೂತಿದೆ. ನಾನು ಅಳೆದಿದ್ದು ಕಾಯಿಲೆನಲ್ಲ, ಹಗಲು ರಾತ್ರಿ ವ್ಯತ್ಯಾಸ. ಅಷ್ಟೂ ಸ್ಯಾಂಪಲ್ ಬಿಸಾಕಿದ್ವಿ. ಹಾಸ್ಟೆಲ್‌ಗೆ ಹೋಗಿ ಅತ್ತಿದ್ದೆ ಅವತ್ತು, ರಕ್ತ ಕೊಟ್ಟ ಆ ತಾಯಂದಿರ ಮುಖ ಒಬ್ಬೊಬ್ಬರದಾಗಿ ನೆನಪಾಗ್ತಿತ್ತು.

ಎರಡನೇ ಸಲ ಹೀಗೆ ಮಾಡಿದ್ವಿ. ಪೋಲಿಯೋ ಡ್ರಾಪ್ಸ್ ಒಯ್ತಾರಲ್ಲ ಅಂಥದ್ದೊಂದು ವ್ಯಾಕ್ಸಿನ್ ಕ್ಯಾರಿಯರ್ ಲೇಬರ್ ರೂಮಲ್ಲಿ ಇಟ್ವಿ, ಐಸ್ ಪ್ಯಾಕ್‌ಗೆ ಟ್ಯೂಬ್ ನೇರ ತಾಗಿದ್ರೆ ರಕ್ತ ಐಸಾಗಿ ಕಣ ಒಡೆಯುತ್ತೆ ಅಂತ ಮಧ್ಯೆ ಹತ್ತಿ ಬಟ್ಟೆ ಸುತ್ತಿದ್ವಿ. ರಾತ್ರಿ ಕೇಸ್ ಬಂದ್ರೆ ನನಗೇ ಫೋನ್, ನಾನೇ ಓಡೋದು, ಅರ್ಧ ಗಂಟೆ ಒಳಗೆ 3000 ಆರ್‌ಪಿಎಂನಲ್ಲಿ ಹತ್ತು ನಿಮಿಷ ತಿರುಗಿಸಿ, ಪ್ಲಾಸ್ಮಾ ಬೇರೆ ಮಾಡಿ, ಜಿಡ್ಡು ಕೆಡದಂತೆ ತಡೆಯೋ ಬಿಎಚ್‌ಟಿ ಅನ್ನೋ ಆಂಟಿಆಕ್ಸಿಡೆಂಟ್ ಒಂದು ಹನಿ ಹಾಕಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80ಗೆ ಇಡೋದು. ಒಂದು ರಾತ್ರಿ ಬಿಪಿ ಕೇಸ್ ತಗೊಂಡ್ರೆ ಅದರ ಜೋಡಿ ನಾರ್ಮಲ್ ಕೇಸೂ ರಾತ್ರಿದೇ ಆಗಿರ್ಬೇಕು. ಪ್ಲಾಸ್ಮಾ ಸ್ವಲ್ಪ ಕೆಂಪಗೆ ಕಂಡ್ರೂ, ಹಿಮೋಗ್ಲೋಬಿನ್ ತೋರಿಸೋ 414 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ಜಾಸ್ತಿ ಬಂದ್ರೂ ಆ ಸ್ಯಾಂಪಲ್ ಔಟ್. ಟೆಸ್ಟ್ ಮಾಡುವಾಗ ಟ್ಯೂಬ್ ಮೇಲೆ ನಂಬರ್ ಮಾತ್ರ, ಯಾವುದು ಯಾರದ್ದು ನನಗೆ ಗೊತ್ತಾಗ್ತಿರಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಫ್ರೀಜರ್ ಬಾಗಿಲು ಯಾರೂ ತೆಗೀಬಾರದು ಅಂತ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೆ.

ಹೊಕ್ಕುಳಬಳ್ಳಿ ರಕ್ತದ ವಿಷಯದಲ್ಲಿ ಒಂದೇ ನಿಯಮ, ಕೂಸಿಂದ ಒಂದು ಹನಿನೂ ಕಿತ್ಕೊಳ್ಳಬಾರದು. ಬಳ್ಳಿಗೆ ಕ್ಲಾಂಪ್ ಹಾಕೋದನ್ನ ನಮಗೋಸ್ಕರ ಬೇಗ ಮಾಡಿ ಅಂತ ಯಾರಿಗೂ ಹೇಳಬಾರದು, ಒಂದರಿಂದ ಮೂರು ನಿಮಿಷ ಕಾಯೋದು ಕೂಸಿಗೆ ಒಳ್ಳೇದು, ಕತ್ತರಿಸಿದ ಮೇಲೆ ಮಾಸಿನ ಕಡೆ ಉಳಿದ ತುಂಡಿನ ದೊಡ್ಡ ವೇನ್‌ನಿಂದ ತಗೊಳ್ಳೋದು.

ಫಲಿತಾಂಶ ಈ ಸಲ ಅಷ್ಟು ಚೆಂದ ಇರಲಿಲ್ಲ, ಆದ್ರೆ ನಂಬಬಹುದಾಗಿತ್ತು. ತಾಯಂದಿರಲ್ಲಿ ವ್ಯತ್ಯಾಸ ಉಳೀತು, ಮೊದಲಿನ ಅರ್ಧಕ್ಕಿಂತ ಕಮ್ಮಿ. ಕೂಸುಗಳಲ್ಲಿ ಎರಡೂ ಗುಂಪು ಒಂದರ ಮೇಲೊಂದು ಬಿದ್ದಿದ್ವು, ಯಾಕಂದ್ರೆ ಅಲ್ಲಿ ಎಷ್ಟು ವಾರಕ್ಕೆ ಹುಟ್ಟಿದ್ದು, ನಾರ್ಮಲ್ಲೋ ಸಿಸೇರಿಯನ್ನೋ ಎಲ್ಲವೂ ಸೇರ್ಕೊಳುತ್ತೆ.

ಕೂಸುಗಳ ವಿಷಯ ನನ್ನ ಮನಸ್ಸಲ್ಲಿ ಇನ್ನೂ ಕೂತಿದೆ. ಹೊಟ್ಟೆಯೊಳಗೆ ಆಕ್ಸಿಜನ್ ಒತ್ತಡ 20ರಿಂದ 30 ಎಂಎಂ ಪಾದರಸ ಅಷ್ಟೇ, ಹೊರಗೆ ಬಂದು ಅತ್ತ ಕೆಲವೇ ನಿಮಿಷಕ್ಕೆ ಅದರ ಎರಡು ಮೂರು ಪಟ್ಟು, ತಿಂಗಳು ತುಂಬದ ಕೂಸಿಗೆ ಅದನ್ನ ತಡ್ಕೊಳ್ಳೋ ಎನ್‌ಜೈಮ್‌ಗಳು ಇನ್ನೂ ಬಲಿತಿರಲ್ಲ. ಹುಟ್ಟಿದ ಕೂಸಿಗೆ ಆಕ್ಸಿಜನ್ ಜಾಸ್ತಿ ಆದ್ರೂ ಕೆಟ್ಟದ್ದು ಅಂತ ನಾರ್ವೆಯ ಮಕ್ಕಳ ಡಾಕ್ಟ್ರು ಓಲಾ ಸಾಗ್‌ಸ್ಟಾಡ್ 1980ರ ದಶಕದಿಂದ ಹೇಳ್ತಾ ಬಂದ್ರು, 2010ರ ಅಂತರರಾಷ್ಟ್ರೀಯ ಗೈಡ್‌ಲೈನ್‌ನಲ್ಲಿ ತಿಂಗಳು ತುಂಬಿದ ಕೂಸಿಗೆ ಉಸಿರು ಕೊಡೋದನ್ನ 100 ಪರ್ಸೆಂಟ್ ಆಕ್ಸಿಜನ್ ಬದಲು ಮಾಮೂಲಿ ಗಾಳಿಯಿಂದ ಶುರು ಮಾಡಿ ಅಂತ ಬಂತು. ಒಂದು ರಾತ್ರಿ 34 ವಾರದ ಕೂಸು ಹುಟ್ಟಿದಾಗ ನಾನು ಟ್ಯೂಬ್ ಹಿಡ್ಕೊಂಡು ಮೂಲೇಲಿ ನಿಂತಿದ್ದೆ, ಮಕ್ಕಳ ಡಾಕ್ಟ್ರು ಬಲಗೈಗೆ ಪಲ್ಸ್ ಆಕ್ಸಿಮೀಟರ್ ಕಟ್ಟಿ, ರಕ್ತದಲ್ಲಿ ಆಕ್ಸಿಜನ್ ಮೊದಲ ನಿಮಿಷಕ್ಕೆ 60 ಚಿಲ್ಲರೆ ಪರ್ಸೆಂಟ್, ಐದನೇ ನಿಮಿಷಕ್ಕೆ 80 ದಾಟಿದ್ರೆ ಸಾಕು, ಗಾಬರಿಯಾಗಿ ಆಕ್ಸಿಜನ್ ಪೂರ್ತಿ ತಿರುಗಿಸಬೇಡಿ ಅಂತ ಮೆತ್ತಗೆ ಹೇಳ್ತಿದ್ರು. ನಾನು ವರ್ಷಗಟ್ಟಲೆ ಓದಿದ್ದು ಅವರ ಆ ಎರಡು ಮಾತಲ್ಲಿತ್ತು.

ಹಾಗಾದ್ರೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದಲ್ಲ ಅಂತ ಎಲ್ಲರೂ ಕೇಳ್ತಾರೆ. ಕೊಟ್ಟು ನೋಡಿದಾರೆ. 1999ರ ಒಂದು ಸಣ್ಣ ಅಧ್ಯಯನದಲ್ಲಿ ಆಸೆ ಹುಟ್ಟಿತ್ತು, 2006ರಲ್ಲಿ ಬ್ರಿಟನ್ನಿನ ವಿಐಪಿ ಟ್ರಯಲ್‌ನಲ್ಲಿ 2400ಕ್ಕೂ ಹೆಚ್ಚು ಗರ್ಭಿಣಿಯರನ್ನ ಎರಡು ಗುಂಪು ಮಾಡಿ ಒಂದಕ್ಕೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿದ್ರೆ ಪ್ರಿ-ಎಕ್ಲಾಂಪ್ಸಿಯಾ ಕಮ್ಮಿ ಆಗ್ಲಿಲ್ಲ, ಕಮ್ಮಿ ತೂಕದ ಕೂಸುಗಳೇ ಜಾಸ್ತಿ ಆದ್ವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೋಸ್ಕರ ಈ ವಿಟಮಿನ್ ಕೊಡಬೇಡಿ ಅಂತಾನೇ ಹೇಳಿದೆ. ಕೆಲಸ ಮಾಡೋದು ಆಸ್ಪಿರಿನ್, ಅದೂ ಅಪಾಯ ಜಾಸ್ತಿ ಇರೋರಿಗೆ, ಡಾಕ್ಟ್ರು ನೋಡಿ ಬರೆದುಕೊಟ್ರೆ, 16 ವಾರದ ಒಳಗೆ ಶುರು ಮಾಡಿದ್ರೆ. 2017ರ ಆಸ್ಪ್ರೆ ಟ್ರಯಲ್‌ನಲ್ಲಿ 37 ವಾರದೊಳಗೆ ಹೆರಿಗೆ ಆಗೋ ಅಂಥ ಪ್ರಿ-ಎಕ್ಲಾಂಪ್ಸಿಯಾ 4.3 ಪರ್ಸೆಂಟಿಂದ 1.6ಕ್ಕೆ ಇಳೀತು. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ರೆ ಅದನ್ನೂ ಕೊಡ್ತಾರೆ.

ಆ ಕಬ್ಬಿಣದ ಮಾತ್ರೆ ಅಜ್ಜಿಯ ಸೊಸೆ ಹೋದ ವರ್ಷ ಮತ್ತೆ ಬಂದಿದ್ರು, ಎರಡನೇ ಬಸುರಿ, ಹನ್ನೊಂದನೇ ವಾರ, ಆಶಾ ಕಾರ್ಯಕರ್ತೆ ಜೊತೆಗೆ. ನಾನೇ ಒಪಿಡಿಗೆ ಕರ್ಕೊಂಡು ಹೋದೆ, ತಾಯಿ ಕಾರ್ಡಲ್ಲಿ ಹೋದ ಸಲದ ಬಿಪಿ ಎಲ್ಲ ತೋರಿಸಿದ್ವಿ, ಡಾಕ್ಟ್ರು ಆಸ್ಪಿರಿನ್ ಬರೆದ್ರು, ರಾತ್ರಿ ಊಟ ಆದ್ಮೇಲೆ ತಗೊಳ್ಳಿ ಅಂದ್ರು. ಬಿಪಿ 116/74 ಇತ್ತು. "ಮೇಡಂ, ಈ ಸಲ ಎಣ್ಣೆ ಟೆಸ್ಟಿಗೆ ರಕ್ತ ಬ್ಯಾಡ್ವಾ?" ಅಂತ ತೋಳು ಮಡಚಿ ತೋರಿಸಿದ್ರು. ಬೇಡಮ್ಮ, ಮುಂದಿನ ತಿಂಗಳು ಬಿಪಿ ನೋಡಿಸ್ಕೊಳ್ಳೋಕೆ ತಪ್ಪದೆ ಬನ್ನಿ ಸಾಕು ಅಂದೆ, ಒಂದೂವರೆ ಬಸ್ಸಿಗೆ ಲೇಟಾಗುತ್ತೆ ಅಂತ ಇಬ್ಬರೂ ಬೇಗ ಬೇಗ ಹೊರಟ್ರು.