ಸಂಗೀತವನ್ನು ಮುಹೂರ್ತದಿಂದ ದೂರ ಇಟ್ಟೆವು

ಅಕ್ಕನ ಮಗಳ ಮದುವೆ ಮೈಸೂರಿನ ಹೊರವಲಯದ ರೆಸಾರ್ಟೊಂದರಲ್ಲಿ, ಮೆಹೆಂದಿಯಿಂದ ಬೀಗರ ಔತಣದವರೆಗೆ ಅಲ್ಲಿಯೇ. ವರನ ಕಡೆಯವರು ದೆಹಲಿಯವರು. ಸಂಗೀತ ಸಂಜೆ ಮದುವೆಯ ಹಿಂದಿನ ರಾತ್ರಿಯೇ, ಅದೂ ಹುಲ್ಲುಹಾಸಿನ ಮೇಲೆ ನಡೆಯಬೇಕೆಂಬುದು ಅವರ ಆಸೆ. ನಮಗೋ ಬೆಳಗಿನ ಜಾವದ ಮುಹೂರ್ತ. ಎಣ್ಣೆಸ್ನಾನ ಮುಗಿಸಿ, ಮೊಗ್ಗಿನ ಜಡೆ ಹೆಣೆಸಿಕೊಳ್ಳಲು ವಧು ಮೂರಕ್ಕೇ ಏಳಬೇಕು. ಜಡೆಗೆ ಒಂದೊಂದೇ ಮೊಗ್ಗು ಪೋಣಿಸಿ ಕಟ್ಟುವುದು ಅವಸರದ ಕೆಲಸವಲ್ಲ.

ಬಿಕ್ಕಟ್ಟು ಬಿಡಿಸಿದ್ದು ನಮ್ಮ ಪುರೋಹಿತರು. ಮುಹೂರ್ತಕ್ಕೆ ಬಿಗಿಯಾಗಿ ಕಟ್ಟುಬಿದ್ದಿರುವುದು ಧಾರೆ, ಮಾಂಗಲ್ಯಧಾರಣೆ. ಉಳಿದವನ್ನು ಹೊಂದಿಸಿಕೊಳ್ಳಬಹುದು ಎಂದರು. ಸಂಗೀತವನ್ನು ಮದುವೆಗೆ ಎರಡು ರಾತ್ರಿ ಮೊದಲೇ ಇಟ್ಟುಕೊಂಡೆವು, ಮುಚ್ಚಿದ ಸಭಾಂಗಣದೊಳಗೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ 2000ದ ಶಬ್ದಮಾಲಿನ್ಯ ನಿಯಮವನ್ನು ತೋರಿಸಿದ ಮೇಲೆ ಬೀಗರೂ ಸಂತೋಷದಿಂದ ಒಪ್ಪಿದರು. ಮರುದಿನ ಸಂಜೆ ವರಪೂಜೆ, ಬೇಗ ಊಟ, ಬೇಗ ನಿದ್ದೆ.

ಅಡುಗೆಯದು ಇನ್ನೊಂದು ತೊಡಕು. ಹೊರಗಿನ ಅಡುಗೆಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಧಾರೆಯ ದಿನದ ಬಾಳೆಲೆ ಊಟವೊಂದನ್ನು ನಮ್ಮ ಅಡುಗೆ ಭಟ್ಟರೇ ಹಿತ್ತಲಿನಲ್ಲಿ ಒಲೆ ಹೂಡಿ ಮಾಡುತ್ತಾರೆ ಎಂದು ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಬರೆಸಿದೆವು. ಇದನ್ನು ಬಾಯಿಮಾತಿಗೆ ಬಿಡಲೇಬೇಡಿ. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ದೆಹಲಿಯ ಬೀಗಿತ್ತಿ ಎರಡನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು.